ನಾದದಾಸೋಹಿ ಶ್ರೀ ಪಂಚಾಕ್ಷರಿ ಗವಾಯಿಗಳವರು

12ನೆಯ ಶತಮಾನದಲ್ಲಿ ಶಿವಶರಣರು ಕನ್ನಡನಾಡಿನಲ್ಲಿ ಬೆಳಗಿದ ಧರ್ಮವು ಕಾಯಕ ಮತ್ತು ದಾಸೋಹಗಳೆಂಬ ಎರಡು ತತ್ತ್ವಗಳನ್ನು ಮುಖ್ಯವಾಗಿ ಅವಲಂಬಿಸಿದೆ. ದುಡಿಯದೆ ಉಣ್ಣುವುದು ಶರಣನಿಗೆ ಸಲ್ಲದು. ದುಡಿದು ಗಳಿಸಿದುದನ್ನು ತಾನೊಬ್ಬನೇ ಉಣ್ಣುವುದೂ ಸಲ್ಲದು. ಈ ತತ್ತ್ವವನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ದುಡಿಯಬೇಕೆಂಬ ಮನಸ್ಸಿದ್ದೂ ದುಡಿಮೆಯ ದಾರಿ ಕಾಣದವನ ಗತಿಯೇನೆಂಬುದನ್ನು ವಿಚಾರಿಸಿದವರು ವಿರಳ. ಹುಟ್ಟುಗುರುಡನಿಗೆ ಲೋಕವು ಒಂದು ಹಿಡಿ ಜೋಳವನ್ನು ನೀಡಿ ಪುಣ್ಯ ಬಂದಿತೆಂದು ತೃಪ್ತಿಪಡುತ್ತದೆ. ಅವನಿಗೂ ಒಂದು ಕಾಯಕ ಬೇಕೆಂದು ಎಣಿಸುವುದಿಲ್ಲ. ಅನ್ನ ದೊರೆತರೂ ಕಾಯಕ ದೊರೆಯದವನು ಸಮಾಜದಲ್ಲಿ ಸಮಾನನಾಗಲಾರನು. ಈ ಅನ್ಯಾಯವನ್ನು ಸ್ವತಃ ಅನುಭವಿಸಿ, ಸಂಗೀತವಿದ್ಯೆಯ ಮೂಲಕ ಅದಕ್ಕೆ ಪರಿಹಾರವನ್ನು ಕಂಡುಹಿಡಿದ ಮಹಾನುಭಾವರು ಗದಗಿನ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು.

ಸಂಗೀತವು ಶರಣಧರ್ಮಕ್ಕೆ ಹೊರಗಿನದಲ್ಲ. ಅಲ್ಲಮಪ್ರಭುಗಳು ಮದ್ದಳೆಯನ್ನು ನುಡಿಸುವುದರಲ್ಲಿ ನಿಪುಣರಾಗಿದ್ದರೆಂದು ಪರಂಪರೆಯು ಹೇಳುತ್ತದೆ. ಅರಸುತನವನ್ನು ತೊರೆದು ಬಂದ ಸಕಳೇಶ ಮಾದರಸರು ವೀಣಾವಾದನದಲ್ಲಿ ಪ್ರವೀಣರು. ಕಿನ್ನರಿ ಬೊಮ್ಮಯ್ಯನವರಿಗೆ ಕಿನ್ನರಿವಾದ್ಯವೇ ಹೆಸರನ್ನು ಕೊಟ್ಟಿತು. ಅಕ್ಷರವನ್ನರಿಯದ ಒಕ್ಕಲಿಗನಿಗೂ ಕಸಬುದಾರನಿಗೂ ಶರಣರ ಮಾತು ತಲಪಿದುದು ಹಾಡಿನಿಂದ. ಓಲೆಗರಿಯನ್ನು ಓದಲು ಅಕ್ಷರಜ್ಞಾನ ಬೇಕು; ಹಾಡನ್ನು ಕೇಳಲು ಕಿವಿಯೊಂದಿದ್ದರೆ ಸಾಕು. ಕುಲವನ್ನು ಕೇಳದೆ ಒಳಗೆ ಬರಮಾಡಿಕೊಂಡ ಚಳುವಳಿಗೆ ಕುಲವನ್ನು ಕೇಳದ ವಿದ್ಯೆಯು ನೆರವಾದುದು ಸಹಜವೇ ಆಗಿದೆ.

ಶ್ರೀ ಗವಾಯಿಗಳವರು 1892ನೆಯ ಇಸವಿಯ ಫೆಬ್ರವರಿ 2ರಂದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಎಂಬ ಗ್ರಾಮದಲ್ಲಿ ಜನಿಸಿದರು. ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಆ ಸ್ಥಳವು ಈಗ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಮಗುವಿಗೆ ಗದಿಗೆಯ್ಯ ಎಂದು ನಾಮಕರಣವಾಯಿತು. ಮಗುವಿನ ಕಣ್ಣಿಗೆ ಬೆಳಕಿರಲಿಲ್ಲ. ಅಣ್ಣನಾದ ಗುರುಬಸಯ್ಯನೂ ಅಂಧನೇ ಆಗಿದ್ದನು. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು ಹೀಗಾದಾಗ ಹೆತ್ತವರ ಮನಸ್ಸು ಎಷ್ಟು ಕುಗ್ಗಿರಬೇಕೆಂಬುದನ್ನು ಗೃಹಸ್ಥರಾದ ಓದುಗರು ತಾವೇ ಊಹಿಸಬಲ್ಲರು. ಜಂಗಮರ ಮನೆಯ ಅಂಧಬಾಲಕರಿಗೆ ಅಂದಿನ ಸಮಾಜವು ತೋರಿಸಬಹುದಾಗಿದ್ದ ಮಾರ್ಗ ಒಂದೇ: ಹೆಗಲಿಗೆ ಜೋಳಿಗೆ, ಕೈಗೆ ಕೋಲು. ಭಿಕ್ಷೆಗೆ ಕೊರತೆಯಾಗುತ್ತಿರಲಿಲ್ಲ, ಆದರೆ ಬಾಳು ಅಲ್ಲಿಗೇ ಮುಗಿಯುತ್ತಿತ್ತು.

ಅದು ಮುಗಿಯದಂತೆ ಮಾಡಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು. 1867ರಲ್ಲಿ ಜನಿಸಿದ ಆ ಪೂಜ್ಯರು ಸಮಾಜದ ಏಳಿಗೆಗಾಗಿ ತಮ್ಮ ದೇಹವನ್ನು ಸವೆಸಿದವರು. 1904ರಲ್ಲಿ ವೀರಶೈವ ಮಹಾಸಭೆಯು ಸ್ಥಾಪಿತವಾದುದು ಅವರ ಪ್ರಯತ್ನದಿಂದ. 1909ರಲ್ಲಿ ಬಾದಾಮಿಯ ಸಮೀಪದಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ ಶಿವಯೋಗ ಮಂದಿರವು ನೆಲೆಗೊಂಡುದೂ ಅವರ ತಪೋಬಲದಿಂದಲೇ. ಈ ಇಬ್ಬರು ಬಾಲಕರ ಕಂಠಮಾಧುರ್ಯವನ್ನು ಕೇಳಿದ ಪೂಜ್ಯರು ಕಣ್ಣಿಲ್ಲವೆಂಬುದನ್ನು ಎಣಿಸದೆ ಕಂಠವುಂಟೆಂಬುದನ್ನು ಎಣಿಸಿದರು. ಬಾಲಕರನ್ನು ತಮ್ಮ ಆಶ್ರಯದಲ್ಲಿಟ್ಟುಕೊಂಡು ಸಂಗೀತಶಿಕ್ಷಣಕ್ಕೆ ವ್ಯವಸ್ಥೆಮಾಡಿದರು. ಗದಿಗೆಯ್ಯನು ಪಂಚಾಕ್ಷರಿಯಾದುದು ಈ ಗುರುಕೃಪೆಯ ಫಲ.

ಆಗಿನ ಕಾಲದಲ್ಲಿ ಶಾಸ್ತ್ರೀಯ ಸಂಗೀತವನ್ನು ಕಲಿಯುವುದು ಸುಲಭವಾದ ಮಾತಾಗಿರಲಿಲ್ಲ. ವಿದ್ವಾಂಸರಿಗೆ ಅರಸರ ಆಶ್ರಯ. ವಿದ್ಯೆಯು ಘರಾಣೆಗಳೊಳಗೆ ಮಕ್ಕಳು ಮೊಮ್ಮಕ್ಕಳಿಗೆ ಕಾಯ್ದಿಟ್ಟ ಆಸ್ತಿ. ಬಡವನಿಗೆ ಅದು ದೂರ, ಅಂಧನಿಗೆ ಇನ್ನೂ ದೂರ. ಅಂಧರು ಬೆರಳಿನಿಂದ ಓದುವ ಬ್ರೈಲ್ ಲಿಪಿಯು ಭಾರತೀಯ ಭಾಷೆಗಳಿಗೆ ಏಕರೂಪವಾಗಿ ಅಳವಟ್ಟುದು 1951ರಲ್ಲಿ. ಅದಕ್ಕೆ ಮುಂಚೆ ಗುರುಮುಖದಿಂದ ಬಂದುದನ್ನು ಕಿವಿಯಿಂದ ಹಿಡಿದು ನೆನಪಿನಲ್ಲಿ ಇಟ್ಟುಕೊಳ್ಳುವುದಲ್ಲದೆ ಬೇರೆ ಗತಿಯಿರಲಿಲ್ಲ. ಪಂಚಾಕ್ಷರಿಗಳವರು ಕರ್ನಾಟಕ ಸಂಗೀತವನ್ನು ಮೊದಲು ಅಭ್ಯಸಿಸಿದರು. ತರುವಾಯ ಹಿಂದೂಸ್ಥಾನೀ ಪದ್ಧತಿಯತ್ತ ಮನಸ್ಸನ್ನು ತಿರುಗಿಸಿ, ಮಿರಜಿನಲ್ಲಿ ನೆಲೆಸಿದ್ದ ಶ್ರೀ ನೀಲಕಂಠಬುವಾ ಅಲೂರಮಠರವರಲ್ಲಿ ಗ್ವಾಲಿಯರ್ ಪರಂಪರೆಯ ಗಾಯನವನ್ನು ಕಲಿತರು. ಬಾಲಕೃಷ್ಣಬುವಾ ಇಚಲಕರಂಜಿಕರರ ಶಿಷ್ಯರಾದ ಈ ನೀಲಕಂಠಬುವಾರವರೇ ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾದವರು. ಕಿರಾಣಾ ಘರಾಣೆಯ ಮರ್ಮವನ್ನು ಪಂಚಾಕ್ಷರಿಗಳವರು ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಪಡೆದರು. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದ ಜಂಗಮನು ಮುಸಲ್ಮಾನ ಉಸ್ತಾದರಲ್ಲಿ ವಿನಯದಿಂದ ಶಿಷ್ಯನಾಗಿ ಕುಳಿತನು. ಉಸ್ತಾದರೂ ಮತಭೇದವನ್ನೆಣಿಸದೆ ವಿದ್ಯೆಯನ್ನು ಧಾರೆಯೆರೆದರು. ಎರಡು ಪದ್ಧತಿಗಳಲ್ಲಿಯೂ ಪಾರಂಗತರಾದ ಪಂಚಾಕ್ಷರಿಗಳವರನ್ನು ಜನರು ಉಭಯಗಾಯನಾಚಾರ್ಯರೆಂದು ಕರೆದರು.

ಇಷ್ಟು ವಿದ್ಯೆಯನ್ನು ಸಂಪಾದಿಸಿದವರು ಬಯಸಿದ್ದರೆ ಯಾವುದಾದರೊಂದು ಸಂಸ್ಥಾನದ ಆಶ್ರಯದಲ್ಲಿ ಸುಖವಾಗಿರಬಹುದಾಗಿತ್ತು. ಆದರೆ ಕುಮಾರ ಮಹಾಸ್ವಾಮಿಗಳವರ ಸಂಕಲ್ಪವು ಬೇರೆಯಾಗಿತ್ತು. ಒಬ್ಬ ಅಂಧನನ್ನು ವಿದ್ವಾಂಸನನ್ನಾಗಿ ಮಾಡುವುದಷ್ಟೇ ಅವರ ಉದ್ದೇಶವಲ್ಲ. ಆ ಒಬ್ಬನಿಂದ ನಾಡಿನ ಅಂಧರೂ ಅನಾಥರೂ ಮೇಲೇಳಬೇಕೆಂಬುದು ಅವರ ಬಯಕೆ. ಪಂಚಾಕ್ಷರಿಗಳವರು ಈ ಸಂಕಲ್ಪವನ್ನೇ ತಮ್ಮ ವ್ರತವನ್ನಾಗಿ ಸ್ವೀಕರಿಸಿದರು. ಸಂಸಾರವನ್ನು ಕಟ್ಟಿಕೊಳ್ಳದೆ ಬ್ರಹ್ಮಚರ್ಯವನ್ನು ಪಾಲಿಸಿ, ಪರರ ಮಕ್ಕಳನ್ನೇ ತಮ್ಮ ಮಕ್ಕಳೆಂದು ಬಗೆದರು.

ಮೊದಮೊದಲು ಅವರ ಪಾಠಶಾಲೆಗೆ ಕಟ್ಟಡವಿರಲಿಲ್ಲ. ಗುರುಗಳು ಎಲ್ಲಿಗೆ ಹೋದರೆ ಶಾಲೆಯೂ ಅಲ್ಲಿಗೆ ಹೋಗುತ್ತಿತ್ತು. ಶಿಷ್ಯರೂ ವಾದ್ಯಗಳೂ ಪಾತ್ರೆಪಡಗಗಳೂ ಊರಿಂದೂರಿಗೆ ಸಾಗುತ್ತಿದ್ದುವು. ಊರವರು ನೀಡಿದ ಜೋಳ, ಬೇಳೆಗಳಿಂದ ಪ್ರಸಾದ; ಮಠದ ಅಂಗಳದಲ್ಲಿಯೋ ಗುಡಿಯ ಪೌಳಿಯಲ್ಲಿಯೋ ಪಾಠ. ಕಣ್ಣಿಲ್ಲದ ಬಾಲಕನಿಗೆ ಕಣ್ಣಿಲ್ಲದ ಗುರುವು ಪಾಠ ಹೇಳುವುದೆಂದರೆ ಎಂತಹ ತಾಳ್ಮೆಯ ಕಾರ್ಯ! ಸ್ವರವನ್ನು ಕೊರಳಿನಿಂದ ತೋರಿಸಬೇಕು. ಬೆರಳನ್ನು ಹಿಡಿದು ಹಾರ್ಮೋನಿಯಮ್ಮಿನ ಸ್ವರಸ್ಥಾನದ ಮೇಲಿರಿಸಬೇಕು. ತಬಲೆಯ ಬೋಲನ್ನು ಬಾಯಿಯಿಂದ ಹೇಳಿಸಿ ಅನಂತರ ಕೈಗೆ ತರಿಸಬೇಕು. ಆದರೆ ಇದರಲ್ಲಿ ಒಂದು ಲಾಭವೂ ಇದ್ದಿತು. ಕಣ್ಣಿದ್ದ ಗುರುವಿಗೆ ಅಂಧಶಿಷ್ಯನ ಕಷ್ಟವನ್ನು ಊಹಿಸಬೇಕಾಗುತ್ತದೆ. ಪಂಚಾಕ್ಷರಿಗಳವರಿಗೆ ಅದು ಸ್ವಾನುಭವವಾಗಿತ್ತು.

1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದರು. ಆಶ್ರಯದ ಆಲವು ಮರೆಯಾದಂತಾಯಿತು. ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದಿತು, ಕಣಜವು ಬರಿದಾಗುತ್ತಿದ್ದಿತು. ಶಿಷ್ಯರನ್ನು ಮರಳಿ ಅವರವರ ಊರುಗಳಿಗೆ ಕಳುಹಿಸಿದ್ದರೆ ಗುರುಗಳ ಭಾರ ಇಳಿಯುತ್ತಿತ್ತು. ಆ ಮಕ್ಕಳಾದರೋ ತಿರುಗಿ ಜೋಳಿಗೆಗೇ ಬರುತ್ತಿದ್ದರು. ಪಂಚಾಕ್ಷರಿಗಳವರು ಅವರನ್ನು ಕೈಬಿಡಲಿಲ್ಲ. ಸಂಗೀತದಿಂದಲೇ ಅನ್ನವನ್ನು ಸಂಪಾದಿಸಬೇಕೆಂದು ಕೀರ್ತನೆ, ಕಛೇರಿಗಳನ್ನು ನಡೆಸಿದುದಲ್ಲದೆ ಕುಮಾರೇಶ್ವರರ ಹೆಸರಿನಲ್ಲಿ ನಾಟಕಮಂಡಳಿಯೊಂದನ್ನೂ ಕಟ್ಟಿದರು. ನಾಟಕವೆಂದರೆ ಮಡಿವಂತರು ಹುಬ್ಬುಗಂಟಿಕ್ಕುತ್ತಿದ್ದ ಕಾಲವದು. ವ್ರತಸ್ಥರಾದ ಗವಾಯಿಗಳಿಗೆ ರಂಗಭೂಮಿಯ ಸಹವಾಸವೇಕೆಂದು ಕೇಳುವವರಿಗೆ ಅವರ ನಡೆಯೇ ಉತ್ತರವಾಗಿತ್ತು. ರಂಗದಲ್ಲಿ ಶಿವಶರಣರ ಚರಿತ್ರೆಯನ್ನು ಕಂಡ ಜನರು ಧರ್ಮವನ್ನರಿತರು. ಅಲ್ಲಿಂದ ಬಂದ ಹಣವು ಅಂಧಮಕ್ಕಳ ಅನ್ನವಾಯಿತು. ಹಾಡುವ, ನುಡಿಸುವ ಶಿಷ್ಯರಿಗೆ ಅದೇ ಕಾಯಕವಾಯಿತು. ಕಾಯಕವೂ ದಾಸೋಹವೂ ಒಂದೇ ದೀಪದ ಬೆಳಕಿನಲ್ಲಿ ನಡೆದುವು.

ಈ ಪಾಠಶಾಲೆಯಲ್ಲಿ ಜಾತಿಯನ್ನು ಕೇಳುವ ಪದ್ಧತಿಯಿರಲಿಲ್ಲ. ಅಂಧನೆಂಬುದು, ಅನಾಥನೆಂಬುದು, ಕಲಿಯುವ ಹಂಬಲವುಳ್ಳವನೆಂಬುದು ಇಷ್ಟೇ ಅಲ್ಲಿನ ಅರ್ಹತೆ. ಶುಲ್ಕವಿಲ್ಲದೆ ವಿದ್ಯೆ, ಬೆಲೆಯಿಲ್ಲದೆ ಪ್ರಸಾದ. ಬಗೆಬಗೆಯ ಮನೆತನದ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ತಂಬೂರಿಯ ಶ್ರುತಿಗೆ ದನಿಗೂಡಿಸಿದರು. ಶರಣರು ಅನುಭವಮಂಟಪದಲ್ಲಿ ತೋರಿದ ಸಮಾನತೆಯನ್ನು ಗವಾಯಿಗಳವರು ಸಂಗೀತದ ಚಾಪೆಯ ಮೇಲೆ ನಡೆಸಿ ತೋರಿಸಿದರು. ಸಭೆಯಲ್ಲಿ ರಾಗವು ತುಂಬಿ ಹರಿಯುವಾಗ ಕೇಳುಗನು ಗಾಯಕನ ಕುಲವನ್ನು ನೆನೆಯುವುದಿಲ್ಲ, ಕಣ್ಣನ್ನೂ ನೆನೆಯುವುದಿಲ್ಲ. ನಿನ್ನೆಯವರೆಗೆ ಅಯ್ಯೋ ಪಾಪವೆಂದು ಮರುಗುತ್ತಿದ್ದವನೇ ಇಂದು ಭಲೆ ಎಂದು ತಲೆದೂಗುತ್ತಾನೆ. ಮರುಕವು ಹೋಗಿ ಗೌರವವು ಬರುವುದೇ ಸಾಮಾಜಿಕ ನ್ಯಾಯದ ಮೊದಲ ಮೆಟ್ಟಿಲು.

ಶಿಷ್ಯರ ಮೇಲೆ ಗುರುಗಳಿಗಿದ್ದ ವಾತ್ಸಲ್ಯಕ್ಕೆ 1936ರ ಒಂದು ಪ್ರಸಂಗವನ್ನು ಸ್ಮರಿಸಬಹುದು. ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ 600ನೆಯ ವರ್ಷದ ಉತ್ಸವವು ಹಂಪೆಯಲ್ಲಿ ಜರುಗಿತು. ಅಲ್ಲಿ ಗವಾಯಿಗಳವರ ಶಿಷ್ಯರಾದ ತರುಣ ಬಸವರಾಜ ರಾಜಗುರುಗಳು ಮಹಾಸಭೆಯ ಮುಂದೆ ಹಾಡಿದರು. ಶಿಷ್ಯನ ಗಾಯನಕ್ಕೆ ತಬಲೆಯ ಸಾಥಿಯನ್ನು ನೀಡಲು ಕುಳಿತವರು ಸ್ವತಃ ಗುರುಗಳೇ! ಗುರುವಾದವನು ಮುಂದೆ ಕುಳಿತು ಶಿಷ್ಯನನ್ನು ಹಿಂದಿರಿಸುವುದು ಲೋಕದ ರೂಢಿ. ಶಿಷ್ಯನನ್ನು ಮುಂದಿರಿಸಿ ತಾನು ಬದಿಗೆ ಸರಿಯುವುದು ಶರಣರ ರೀತಿ. ಇದು ನಿಜವಾದ ಕಿಂಕರಭಾವ. ರಾಜಗುರುಗಳು ಮುಂದೆ ಭಾರತವಿಖ್ಯಾತರಾಗಿ 1991ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು. ಸಿದ್ಧರಾಮ ಜಂಬಲದಿನ್ನಿಯವರಂತಹ ಶಿಷ್ಯರು ವಚನಗಾಯನಕ್ಕಾಗಿಯೇ ಹೆಸರಾದರು.

ವಚನಗಾಯನದ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಶ್ರೀ ಫ. ಗು. ಹಳಕಟ್ಟಿಯವರು ತಾಳೆಗರಿಗಳಿಂದ ವಚನಗಳನ್ನು ಹೊರತೆಗೆದು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಪ್ರಾರಂಭಿಸಿದರು. ಅದರಿಂದ ವಚನಗಳು ಓದುಬಲ್ಲವರ ಕೈ ಸೇರಿದುವು. ಆದರೆ ಹಳ್ಳಿಗಳಲ್ಲಿ ಓದುಬಲ್ಲವರು ಎಷ್ಟು ಮಂದಿ ಇದ್ದರು? ಅದೇ ಕಾಲದಲ್ಲಿ ಗವಾಯಿಗಳವರೂ ಅವರ ಶಿಷ್ಯರೂ ವಚನಗಳನ್ನು ರಾಗಗಳಲ್ಲಿ ಅಳವಡಿಸಿ ಜಾತ್ರೆ, ಉತ್ಸವ, ಪುರಾಣಸಭೆಗಳಲ್ಲಿ ಹಾಡಿದರು. ಮುದ್ರಣಾಲಯವು ಕಣ್ಣಿಗೆ ಒದಗಿಸಿದುದನ್ನು ಕಣ್ಣಿಲ್ಲದವರು ನಾಡಿನ ಕಿವಿಗೆ ಒದಗಿಸಿದರು. ಕುಲದ ಹಮ್ಮನ್ನು ಖಂಡಿಸುವ ಶರಣರ ವಾಣಿಯನ್ನು, ಸಮಾಜವು ಮೂಲೆಗೊತ್ತಿದ್ದ ಅಂಧನೊಬ್ಬನು ಎತ್ತರದ ಪೀಠದ ಮೇಲೆ ಕುಳಿತು ಹಾಡುವಾಗ, ಆ ವಾಣಿಗೆ ಬೇರೆ ವ್ಯಾಖ್ಯಾನವು ಬೇಕಾಗುತ್ತಿರಲಿಲ್ಲ.

ಅಲೆದಾಡುತ್ತಿದ್ದ ಶಾಲೆಗೆ ಕೊನೆಗೆ ಗದಗಿನಲ್ಲಿ ನೆಲೆ ದೊರೆಯಿತು. ಬಸರಿಗಿಡದ ವೀರಪ್ಪನವರೆಂಬ ಭಕ್ತರ ಔದಾರ್ಯವು ಇದಕ್ಕೆ ನೆರವಾಯಿತು. ಶ್ರೀ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾದುದು ಈ ಸಂಸ್ಥೆಯೇ. ಶ್ರೀ ಗವಾಯಿಗಳವರ ದೇಹವಾದರೋ ಅವಿಶ್ರಾಂತವಾದ ದುಡಿಮೆಯಿಂದ ಬಳಲಿದ್ದಿತು. 1944ನೆಯ ಇಸವಿಯ ಜೂನ್ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು.

ಗುರುಗಳ ತರುವಾಯ ಆಶ್ರಮದ ಭಾರವನ್ನು ಹೊತ್ತವರು ಶ್ರೀ ಪುಟ್ಟರಾಜ ಗವಾಯಿಗಳವರು. 1914ರಲ್ಲಿ ಹಾನಗಲ್ಲ ತಾಲೂಕಿನಲ್ಲಿಯೇ ಜನಿಸಿ, ಎಳವೆಯಲ್ಲಿ ದೃಷ್ಟಿಯನ್ನು ಕಳೆದುಕೊಂಡು, ಪಂಚಾಕ್ಷರಿಗಳವರ ಮಡಿಲನ್ನು ಸೇರಿದ ಬಾಲಕರು ಇವರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿ, ಹಲವು ವಾದ್ಯಗಳಲ್ಲಿ ನಿಪುಣರಾಗಿ, 66 ವರ್ಷಗಳ ಕಾಲ ಗುರುವಿನ ದಾಸೋಹವನ್ನು ಮುನ್ನಡೆಸಿದರು. ಭಕ್ತರು ಊರೂರುಗಳಲ್ಲಿ ಅವರಿಗೆ ಮಾಡಿದ ತುಲಾಭಾರಗಳ ಹಣವೆಲ್ಲವೂ ಆಶ್ರಮದ ಮಕ್ಕಳಿಗೇ ಸಂದಿತು. 2010ರಲ್ಲಿ ಪದ್ಮಭೂಷಣ ಗೌರವವನ್ನು ಪಡೆದ ಅವರು ಅದೇ ವರ್ಷದ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು. ಈ ಆಶ್ರಮದಿಂದ ಹೊರಬಂದವರು ಶಾಲೆಗಳಲ್ಲಿ ಸಂಗೀತಶಿಕ್ಷಕರಾಗಿ, ಕೀರ್ತನಕಾರರಾಗಿ, ಪುರಾಣಪ್ರವಚನಗಳಿಗೆ ಸಾಥಿದಾರರಾಗಿ, 1950ರಲ್ಲಿ ಪ್ರಾರಂಭವಾದ ಧಾರವಾಡ ಆಕಾಶವಾಣಿಯ ಕಲಾವಿದರಾಗಿ ಸ್ವಂತ ದುಡಿಮೆಯಿಂದ ಬಾಳಿದರು. ತಾವೂ ಇತರರಿಗೆ ದಾಸೋಹ ಮಾಡುವಂತಾದರು.

ಅಂಗವಿಕಲರಿಗೆ ಸಮಾನಾವಕಾಶವು ದಯೆಯಲ್ಲ, ಹಕ್ಕು ಎಂಬುದನ್ನು ಭಾರತದ ಶಾಸನವು 1995ರಲ್ಲಿಯೂ ಇನ್ನಷ್ಟು ವಿಸ್ತಾರವಾಗಿ 2016ರಲ್ಲಿಯೂ ಅಂಗೀಕರಿಸಿತು. ಶಾಸನವು ಹುಟ್ಟುವುದಕ್ಕೆ ಎಷ್ಟೋ ದಶಕಗಳ ಮುಂಚೆ, ಜೋಳಿಗೆಯ ಜೋಳವನ್ನೂ ಕೊರಳಿನ ನಾದವನ್ನೂ ಹೊರತು ಮತ್ತಾವ ಬಲವೂ ಇಲ್ಲದ ಅಂಧಯೋಗಿಯೊಬ್ಬರು ಅದನ್ನು ಆಚರಿಸಿದರು. ಅವರು ಪ್ರತಿಭಟನೆಯ ಸಭೆಗಳನ್ನು ನಡೆಸಲಿಲ್ಲ, ಯಾರನ್ನೂ ನಿಂದಿಸಲಿಲ್ಲ. ಭಿಕ್ಷೆಗಾಗಿ ಚಾಚುತ್ತಿದ್ದ ಕೈಗೆ ವಾದ್ಯವನ್ನು ಕೊಟ್ಟರು.

ಸಂಗೀತಶಾಸ್ತ್ರವು ನಾದವನ್ನು ಆಹತ, ಅನಾಹತವೆಂದು ಎರಡಾಗಿ ಹೇಳುತ್ತದೆ. ಒಂದು ಹೊರಗಿನ ಕಿವಿಗೆ ಕೇಳುವಂತಹುದು, ಮತ್ತೊಂದು ಯೋಗಿಯ ಅಂತರಂಗದಲ್ಲಿ ಅನುಭವಕ್ಕೆ ಬರುವಂತಹುದು. ಎರಡಕ್ಕೂ ಚರ್ಮಚಕ್ಷುವಿನ ಅಗತ್ಯವಿಲ್ಲ. ಕಣ್ಣುಳ್ಳವರಾದ ಗೃಹಸ್ಥರು ತಮ್ಮ ಓಣಿಯಲ್ಲಿ, ತಮ್ಮ ಬಂಧುವರ್ಗದಲ್ಲಿ, ಮನೆಯ ಮೂಲೆಯಲ್ಲಿ ಕುಳಿತಿರುವ ಅಂಧ ಅಥವಾ ಅನಾಥ ಮಗುವೊಂದು ಇದೆಯೇ ಎಂದು ಒಮ್ಮೆ ನೋಡಬೇಕು. ಅದಕ್ಕೆ ಅನ್ನವನ್ನಿಕ್ಕುವುದರೊಡನೆ ವಿದ್ಯೆಯ ಬಾಗಿಲಿಗೂ ಕೈಹಿಡಿದು ಕರೆದೊಯ್ಯಬೇಕು. ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನ ಕೈಯನ್ನು ಅಂದು ಕುಮಾರೇಶ್ವರರು ಹಿಡಿದಂತೆ ಇಂದು ಒಂದು ಮಗುವಿನ ಕೈಯನ್ನು ಹಿಡಿದರೆ, ಗಾನಯೋಗಿಗಳವರಿಗೆ ಅದಕ್ಕಿಂತ ಮಿಗಿಲಾದ ಪೂಜೆಯಿಲ್ಲ.