ಟೋಪಿ ಬಿಗಿಯಾದಾಗ ಕಂಡ ಕಾಯಿಲೆ

ಐವರ್ನಾಡಿನ ತೋಟದ ಮನೆಯಲ್ಲಿ ದೊಡ್ಡಪ್ಪನವರ ಮುಟ್ಟಾಳೆ ಬಿಗಿಯಾಗತೊಡಗಿದಾಗ ನಾವೆಲ್ಲ ನಕ್ಕಿದ್ದೆವು. ಹಾಳೆ ಒಣಗಿ ಮುದುರಿರಬೇಕೆಂದುಕೊಂಡೆವು. ಬಲಗಾಲಿನ ನೋವು, ಕಣಕಾಲು ಬಿಲ್ಲಿನಂತೆ ಬಾಗಿದ್ದು ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದೆವು. ಬೇರಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಪ್ರಮಾಣ ಬಹಳ ಏರಿತ್ತು. ಯಕೃತ್ತಿನ ದೋಷವಿರಬೇಕೆಂದು ಔಷಧ, ಪಥ್ಯಗಳಲ್ಲೇ ತಿಂಗಳುಗಳು ಕಳೆದವು. ಕೊನೆಗೆ ಎಕ್ಸ್‌ರೇಯಲ್ಲಿ ಕಂಡದ್ದು ಮೂಳೆಯ ಪ್ಯಾಜೆಟ್ ಕಾಯಿಲೆ. ಆ ಹೆಸರಿನ ಹಿಂದಿನ ಮನುಷ್ಯನ ಬಗ್ಗೆ ಓದತೊಡಗಿದ್ದು ಆಗ.

ಜೇಮ್ಸ್ ಪ್ಯಾಜೆಟ್ 1814ರಲ್ಲಿ ಇಂಗ್ಲೆಂಡಿನ ಕರಾವಳಿಯ ಗ್ರೇಟ್ ಯಾರ್ಮತ್‌ನಲ್ಲಿ ಹುಟ್ಟಿದರು. ತಂದೆ ಬಿಯರ್ ತಯಾರಕರು, ಹಡಗುಗಳ ಒಡೆಯರು. ವ್ಯಾಪಾರ ಕುಸಿದು ಮನೆಯನ್ನು ಸಾಲ ಮುತ್ತಿತು. ಊರಿನ ವೈದ್ಯರೊಬ್ಬರ ಬಳಿ ಕೆಲಸ ಕಲಿತ ಪ್ಯಾಜೆಟ್ 1834ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಗೆ ವಿದ್ಯಾರ್ಥಿಯಾಗಿ ಸೇರಿದರು. ಮರುವರ್ಷ ಶವಚ್ಛೇದನದ ವೇಳೆ ಸ್ನಾಯುಗಳಲ್ಲಿ ಬಿಳಿ ಕಣಗಳು ಕಂಡವು. ಉಳಿದವರು ಅವನ್ನು ಮೂಳೆಯ ಚೂರುಗಳೆಂದು ಬದಿಗೆ ಸರಿಸುತ್ತಿದ್ದರು. ಇವರು ಬ್ರಿಟಿಷ್ ಮ್ಯೂಸಿಯಂಗೆ ಹೋಗಿ, ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವರ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದು ಹುಳು, ಇಂದು ಟ್ರೈಕಿನೆಲ್ಲಾ ಎನ್ನುವ ಪರೋಪಜೀವಿ.

ವೈದ್ಯಕೀಯ ಪತ್ರಿಕೆಗಳಿಗೆ ಬರೆದು ಬದುಕು ಸಾಗಿಸಿದ ಅವರು, ಸೋದರರೊಡಗೂಡಿ ತಂದೆಯ ಸಾಲವನ್ನು ವರ್ಷಗಟ್ಟಲೆ ತೀರಿಸಿದರು. ಮುಂದೆ ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯರಾದರು. 1856ರಲ್ಲಿ ಅವರ ಬಳಿ ರೋಗಿಯೊಬ್ಬರು ಬಂದರು. ಕಾಲುಗಳು ಬಾಗುತ್ತಿದ್ದವು, ಬೆನ್ನು ಗೂನಾಗುತ್ತಿತ್ತು, ತಲೆ ದೊಡ್ಡದಾಗಿ ಹಳೆಯ ಟೋಪಿಗಳು ಹಿಡಿಸುತ್ತಿರಲಿಲ್ಲ. ಎಕ್ಸ್‌ರೇ ಇಲ್ಲದ ಕಾಲ. 1876ರಲ್ಲಿ ಆ ವ್ಯಕ್ತಿ ತೀರಿಕೊಳ್ಳುವವರೆಗೆ, 20 ವರ್ಷ, ಪ್ಯಾಜೆಟ್ ಅವರ ಮೇಲೆ ನಿಗಾ ಇಟ್ಟರು. ಅದೇ ವರ್ಷ ಕಾಯಿಲೆಯನ್ನು ಲಂಡನ್ನಿನ ವೈದ್ಯರ ಸಭೆಯ ಮುಂದಿಟ್ಟರು. ಅದನ್ನು ಉರಿಯೂತವೆಂದು ಭಾವಿಸಿದ್ದು ಅವರ ತಪ್ಪು. 1899ರಲ್ಲಿ ಅವರು ನಿಧನರಾದರು.

ನಮ್ಮ ಮೂಳೆ ಸದಾ ಕರಗುತ್ತ, ಹೊಸದಾಗಿ ಕಟ್ಟಿಕೊಳ್ಳುತ್ತ ಇರುತ್ತದೆ. ಈ ಕಾಯಿಲೆಯಲ್ಲಿ ಕೆಲವೆಡೆ ಆ ಕೆಲಸ ಅತಿವೇಗವಾಗಿ, ಅಡ್ಡಾದಿಡ್ಡಿಯಾಗಿ ನಡೆದು ಮೂಳೆ ಉಬ್ಬುತ್ತದೆ, ಆದರೆ ದುರ್ಬಲವಾಗುತ್ತದೆ. ಕಟ್ಟುವ ಕೋಶಗಳು ದುಡಿದಷ್ಟೂ ರಕ್ತದಲ್ಲಿ ಫಾಸ್ಫಟೇಸ್ ಏರುತ್ತದೆ. ಎಚ್.ಡಿ. ಕೇ ಎಂಬ ವಿಜ್ಞಾನಿ 1929ರಲ್ಲಿ ಇದನ್ನು ತೋರಿಸಿಕೊಟ್ಟರು. 20 ವರ್ಷ ಕಣ್ಣಿಟ್ಟು ಕಾದು ತಿಳಿದದ್ದರ ಸುಳಿವು ಈಗ ಒಂದು ಸಿರಿಂಜ್ ರಕ್ತದಲ್ಲಿ ಸಿಗುತ್ತದೆ.

ಆದರೆ ಸುಳಿವೇ ತೀರ್ಪಲ್ಲ. ಈ ಕಿಣ್ವ ಯಕೃತ್ತಿನಿಂದಲೂ ಬರುತ್ತದೆ. ಬೆಳೆಯುವ ಮಕ್ಕಳಲ್ಲಿ, ಗರ್ಭಿಣಿಯರಲ್ಲಿ, ವಿಟಮಿನ್ ಡಿ ತೀರ ಕಡಿಮೆಯಾದವರಲ್ಲಿಯೂ ಏರುತ್ತದೆ. ಕಾಯಿಲೆ ಒಂದೇ ಮೂಳೆಗೆ ಸೀಮಿತವಾಗಿದ್ದರೆ ಏರದೆಯೂ ಇರಬಹುದು. ಜಿಜಿಟಿಯಂತಹ ಯಕೃತ್ತಿನ ಇತರ ಪರೀಕ್ಷೆಗಳು ಸರಿಯಿದ್ದು ಇದೊಂದೇ ಏರಿದ್ದರೆ ಮೂಳೆಯತ್ತ ನೋಡಬೇಕು. ಎಕ್ಸ್‌ರೇ, ಬೋನ್ ಸ್ಕ್ಯಾನ್ ಖಚಿತಪಡಿಸಬೇಕು. ದೊಡ್ಡಪ್ಪನವರ ಹಳೆಯ ವರದಿಯನ್ನು ಮತ್ತೆ ತೆರೆದು ನೋಡಿದೆ. ಯಕೃತ್ತಿನ ಉಳಿದೆಲ್ಲ ಅಂಕಿಗಳೂ ಮೊದಲ ದಿನದಿಂದಲೇ ಸರಿಯಾಗಿದ್ದವು.

ಜೊಲೆಡ್ರಾನಿಕ್ ಆಮ್ಲವನ್ನು ರಕ್ತನಾಳಕ್ಕೆ ಹನಿಸಿದ ಮೇಲೆ ಆ ಅಂಕಿ ಇಳಿಯಿತು, ನೋವೂ ತಗ್ಗಿತು. ಬಾಗಿದ ಕಾಲು ಮಾತ್ರ ನೆಟ್ಟಗಾಗಲಿಲ್ಲ. ತೋಟದ ಸಂಕ ದಾಟುವಾಗ ಅವರು ಈಗಲೂ ನನ್ನ ಕೈ ಹಿಡಿಯುತ್ತಾರೆ. ಮುಟ್ಟಾಳೆಯ ಕುರಿತು ಅವರು ಹೇಳಿದ್ದನ್ನು ಅಂದೇ ಕಿವಿಗೊಟ್ಟು ಕೇಳಬೇಕಿತ್ತು.