ನೆಹರೂ ಮೆಚ್ಚಿದ ಮೊನಚು: ವ್ಯಂಗ್ಯಚಿತ್ರಕಾರ ಶಂಕರ್

ಕೇರಳದ ಕಾಯಂಕುಳಂ ಬಳಿಯ ಕೃಷ್ಣಪುರದಲ್ಲಿ ವ್ಯಂಗ್ಯಚಿತ್ರಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. 2014ರಲ್ಲಿ ಆರಂಭವಾದ ಅದು, ಕಾಯಂಕುಳಂನಲ್ಲಿ ಹುಟ್ಟಿದ ಕೆ. ಶಂಕರ್ ಪಿಳ್ಳೆಯವರ ಸ್ಮಾರಕ. ಒಂದು ದಿನದ ಸುದ್ದಿಗಾಗಿ ಮೂಡಿ ಮರುದಿನವೇ ರದ್ದಿಗೆ ಸೇರುವುದು ಪತ್ರಿಕೆಯ ಚಿತ್ರಗಳ ಹಣೆಬರಹ. ಶಂಕರ್ ಗೆರೆಗಳು ಮಾತ್ರ ಹಾಗೆ ಸುಮ್ಮನಾಗಲಿಲ್ಲ.

1902ರ ಜುಲೈ 31ರಂದು ಜನಿಸಿದ ಶಂಕರ್, ತಿರುವನಂತಪುರದಲ್ಲಿ ವಿಜ್ಞಾನ ಪದವಿ ಪಡೆದು ಕಾನೂನು ವ್ಯಾಸಂಗಕ್ಕೆಂದು ಮುಂಬಯಿಗೆ ಹೋದರು. ಓದು ಅರ್ಧಕ್ಕೇ ನಿಂತಿತು. ನೌಕರಿ ಮಾಡುತ್ತಲೇ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ ಈ ತರುಣನನ್ನು ಗುರುತಿಸಿ, 1932ರಲ್ಲಿ ದೆಹಲಿಯ ಹಿಂದೂಸ್ತಾನ್ ಟೈಮ್ಸ್‌ಗೆ ಕರೆತಂದವರು ಸಂಪಾದಕ ಪೋತನ್ ಜೋಸೆಫ್. ಮುಂದೆ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಕಟ್ಟಿ ಬೆಳೆಸಿದವರೂ ಅವರೇ. 1946ರವರೆಗೆ ಶಂಕರ್ ಆ ಪತ್ರಿಕೆಯಲ್ಲಿದ್ದರು. ಆ ಅವಧಿಯಲ್ಲಿ ಅವರ ಕುಂಚದಿಂದ ವೈಸರಾಯರೂ ತಪ್ಪಿಸಿಕೊಳ್ಳಲಿಲ್ಲ, ಕಾಂಗ್ರೆಸ್ ನಾಯಕರೂ ತಪ್ಪಿಸಿಕೊಳ್ಳಲಿಲ್ಲ.

1948ರ ಮೇ ತಿಂಗಳಿನಲ್ಲಿ ಅವರದೇ ಆದ ಶಂಕರ್ಸ್ ವೀಕ್ಲಿ ಹೊರಬಂತು. ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ತನ್ನನ್ನೂ ಬಿಡಬೇಡಿ ಎಂದು ಅವರು ಶಂಕರ್‌ಗೆ ಹೇಳಿದ್ದು ಪ್ರಸಿದ್ಧ ಸಂಗತಿ. ಶಂಕರ್ ಆ ಮಾತನ್ನು ಅಕ್ಷರಶಃ ಪಾಲಿಸಿದರು. ನೆಹರೂ ಅವರನ್ನು ಅಷ್ಟು ಬಗೆಯಲ್ಲಿ, ಅಷ್ಟು ಸಲ ಚಿತ್ರಿಸಿದವರು ಮತ್ತೊಬ್ಬರಿರಲಾರರು. ಅಬು ಅಬ್ರಹಾಂ, ಓ.ವಿ. ವಿಜಯನ್, ಕುಟ್ಟಿ ಮೊದಲಾದವರು ಪಳಗಿದ್ದೂ ಶಂಕರ್ ಗರಡಿಯಲ್ಲಿಯೇ.

ಮಕ್ಕಳ ಲೋಕಕ್ಕೆ ಅವರು ಸಲ್ಲಿಸಿದ ಸೇವೆ ಬೇರೆಯೇ ಅಧ್ಯಾಯ. 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್, 1965ರಲ್ಲಿ ದೆಹಲಿಯ ಬೊಂಬೆಗಳ ಸಂಗ್ರಹಾಲಯ ಅವರಿಂದ ರೂಪುಗೊಂಡವು.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆಗಸ್ಟ್ ಕೊನೆಗೆ ಶಂಕರ್ಸ್ ವೀಕ್ಲಿ ನಿಂತಿತು. ಸರ್ವಾಧಿಕಾರವು ನಗೆಯನ್ನು ಸಹಿಸಲಾರದೆಂಬ ಅರ್ಥದ ವಿದಾಯದ ಸಂಪಾದಕೀಯ ಬರೆದು, ಶಂಕರ್ ತಮ್ಮ ಕೂಸನ್ನು ತಾವೇ ಮಲಗಿಸಿದರು. ನೆಹರೂ ಬಿಡುಗಡೆ ಮಾಡಿದ ಪತ್ರಿಕೆ ಅವರ ಮಗಳ ಆಳ್ವಿಕೆಯಲ್ಲಿ ಕಣ್ಮುಚ್ಚಿತು. ಮರುವರ್ಷವೇ ಅದೇ ಸರ್ಕಾರ ಶಂಕರ್‌ಗೆ ಪದ್ಮವಿಭೂಷಣ ನೀಡಿದ್ದು ಅವರ ಕುಂಚಕ್ಕೇ ತಕ್ಕ ವಿಷಯವಾಗಿತ್ತು!

1989ರ ಡಿಸೆಂಬರ್ 26ರಂದು ಅವರು ತೀರಿಕೊಂಡರು. ಆದರೆ ಅವರ ಅತಿ ದೊಡ್ಡ ವಿವಾದ ಎದ್ದದ್ದು 2012ರಲ್ಲಿ. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಚಾವಟಿ ಹಿಡಿದು ಕುಳಿತ ಅಂಬೇಡ್ಕರ್, ಹಿಂದೆ ಚಾವಟಿ ಎತ್ತಿದ ನೆಹರೂ: ಸಂವಿಧಾನ ರಚನೆ ನಿಧಾನವಾಯಿತೆಂದು 1949ರಲ್ಲಿ ಶಂಕರ್ ಬರೆದಿದ್ದ ಈ ಚಿತ್ರ ಎನ್‌ಸಿಇಆರ್‌ಟಿಯ 11ನೇ ತರಗತಿಯ ಪಠ್ಯದಲ್ಲಿತ್ತು. ಸಂಸತ್ತಿನಲ್ಲಿ ಕೋಲಾಹಲವಾಯಿತು. ಅಂಬೇಡ್ಕರರ ಬೆನ್ನ ಹಿಂದೆ ಎತ್ತಿದ ಚಾವಟಿಯನ್ನು ಕಂಡು ದಲಿತರು ನೊಂದದ್ದು ಸಹಜ, ಶತಮಾನಗಳ ಪೆಟ್ಟು ತಿಂದವರಿಗೆ ಅದು ಬರೀ ಗೆರೆಯಲ್ಲ. ಚಿತ್ರದ ಗುರಿ ಅಂಬೇಡ್ಕರರ ಜಾತಿಯಲ್ಲ, ಸಭೆಯ ವಿಳಂಬ ಎಂಬುದೂ ನಿಜ. ಎರಡನ್ನೂ ತರಗತಿಯಲ್ಲಿ ಚರ್ಚಿಸಬಹುದಿತ್ತು. ಸರ್ಕಾರ ಚಿತ್ರವನ್ನೇ ಕೈಬಿಡಲು ಮುಂದಾಯಿತು. ಪಠ್ಯದ ಮುಖ್ಯ ಸಲಹೆಗಾರರಾಗಿದ್ದ ಸುಹಾಸ್ ಪಾಲ್ಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟು ಹೊರನಡೆದರು.