ಶನಿವಾರದ ಮುಂಜಾವನ್ನು ಮಕ್ಕಳಿಗೆ ಬರೆದುಕೊಟ್ಟ ವಿಲಿಯಂ ಹನ್ನಾ

ಅಮೆರಿಕದ ಮನೆಗಳಲ್ಲಿ ಒಂದು ಕಾಲಕ್ಕೆ ಶನಿವಾರದ ಬೆಳಗು ಮಕ್ಕಳ ಸ್ವತ್ತಾಗಿತ್ತು. ವಾರವಿಡೀ ದುಡಿದು ದಣಿದ ತಂದೆ ತಾಯಂದಿರು ಇನ್ನೂ ಹಾಸಿಗೆಯಲ್ಲಿರುವಾಗಲೇ ಮಕ್ಕಳು ಟಿ.ವಿ. ಹಚ್ಚಿ ಕುಳಿತುಬಿಡುತ್ತಿದ್ದರು. ಎಬಿಸಿ, ಸಿಬಿಎಸ್, ಎನ್‌ಬಿಸಿ ಎಂಬ ಮೂರು ಜಾಲಗಳೂ ಮಧ್ಯಾಹ್ನದವರೆಗೆ ಒಂದರ ಹಿಂದೊಂದರಂತೆ ವ್ಯಂಗ್ಯಚಿತ್ರ ಸರಣಿಗಳನ್ನು ಬಿತ್ತರಿಸುತ್ತಿದ್ದವು. ಯಾವ ವಾಹಿನಿಗೆ ತಿರುಗಿಸಿದರೂ ಕೊನೆಯಲ್ಲಿ ತೆರೆಯ ಮೇಲೆ ಮೂಡುವ ಹೆಸರು ಬಹುಪಾಲು ಒಂದೇ ಆಗಿರುತ್ತಿತ್ತು: ಹನ್ನಾ-ಬಾರ್ಬೆರಾ. ಆ ಜೋಡಿ ಹೆಸರಿನ ಮೊದಲರ್ಧವೇ ವಿಲಿಯಂ ಹನ್ನಾ.

ಹನ್ನಾ ಜನಿಸಿದ್ದು 1910ರ ಜುಲೈ 14ರಂದು, ನ್ಯೂ ಮೆಕ್ಸಿಕೊ ಪ್ರಾಂತ್ಯದ ಮೆಲ್ರೋಸ್ ಎಂಬ ಪುಟ್ಟ ಊರಿನಲ್ಲಿ. ನೀರು ಮತ್ತು ಒಳಚರಂಡಿ ಕಾಮಗಾರಿಗಳ ಮೇಲ್ವಿಚಾರಣೆ ನೋಡುತ್ತಿದ್ದ ತಂದೆಯ ಕೆಲಸ ಹೋದಲ್ಲೆಲ್ಲ ಏಳು ಮಕ್ಕಳ ಸಂಸಾರವೂ ಗಂಟುಮೂಟೆ ಕಟ್ಟಬೇಕಾಗಿತ್ತು. ಕಡೆಗೆ ಕುಟುಂಬ ನೆಲೆ ನಿಂತಿದ್ದು ಕ್ಯಾಲಿಫೋರ್ನಿಯಾದ ವಾಟ್ಸ್‌ನಲ್ಲಿ. ಬಾಲಕ ಹನ್ನಾ ಸ್ಕೌಟ್ ದಳ ಸೇರಿದರು, ಸ್ಯಾಕ್ಸೊಫೋನ್ ನುಡಿಸುವುದನ್ನು ಕಲಿತರು. ಸ್ಕೌಟ್ ನಂಟು ಜೀವನಪರ್ಯಂತ ಉಳಿಯಿತು. ಸಂಗೀತದ ಲಯಜ್ಞಾನ ಮುಂದೆ ಅವರ ಅನ್ನದ ಮಾರ್ಗವನ್ನೇ ರೂಪಿಸಿತು.

ಕಾಂಪ್ಟನ್ ಕಾಲೇಜಿನಲ್ಲಿ ಅವರು ಪತ್ರಿಕೋದ್ಯಮ ಮತ್ತು ಕಟ್ಟಡ ಎಂಜಿನಿಯರಿಂಗ್ ಎಂಬ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಿಷಯಗಳನ್ನು ಓದಲು ಹೊರಟಿದ್ದರು. ಮಹಾ ಆರ್ಥಿಕ ಕುಸಿತ ಎರಡನ್ನೂ ಮುಗಿಸಲು ಬಿಡಲಿಲ್ಲ. ಹಾಲಿವುಡ್‌ನ ಪ್ಯಾಂಟೇಜಸ್ ರಂಗಮಂದಿರದ ನಿರ್ಮಾಣದಲ್ಲಿ ಕೆಲಕಾಲ ದುಡಿದರು. ಅದು ತಪ್ಪಿದ ಮೇಲೆ ಕಾರು ತೊಳೆಯುವ ಕೆಲಸಕ್ಕೂ ನಿಂತರು. ಚಲನಚಿತ್ರಗಳಿಗೆ ಶೀರ್ಷಿಕೆ ಫಲಕ ಬರೆದುಕೊಡುವ ಸಂಸ್ಥೆಯೊಂದರಲ್ಲಿ ಕೆಲಸ ದೊರೆತಾಗಲೇ ಅವರಿಗೆ ಚಿತ್ರರಂಗದ ಬಾಗಿಲು ತೆರೆದಿದ್ದು. ಅಲ್ಲಿಂದ 1930ರಲ್ಲಿ ಹ್ಯೂ ಹಾರ್ಮನ್ ಮತ್ತು ರುಡಾಲ್ಫ್ ಐಸಿಂಗ್ ಅವರ ಸ್ಟುಡಿಯೊದಲ್ಲಿ ಚಿತ್ರಗಳಿಗೆ ಮಸಿ, ಬಣ್ಣ ತುಂಬುವ ವಿಭಾಗಕ್ಕೆ ಬಂದರು. ಚಿತ್ರಕಲೆಯ ಶಾಸ್ತ್ರೀಯ ಶಿಕ್ಷಣವಿಲ್ಲದ ಈ ಯುವಕ ಕೆಲವೇ ವರ್ಷಗಳಲ್ಲಿ ಆ ವಿಭಾಗದ ಮುಖ್ಯಸ್ಥರಾದರು. 1936ರಲ್ಲಿ ಚಿತ್ರ ನಿರ್ದೇಶನಕ್ಕೂ ಕೈಹಾಕಿದರು.

1937ರಲ್ಲಿ ಎಂಜಿಎಂ ಕಂಪನಿ ತನ್ನದೇ ಆದ ವ್ಯಂಗ್ಯಚಿತ್ರ ಘಟಕ ಆರಂಭಿಸಿದಾಗ ಹನ್ನಾ ಅಲ್ಲಿಗೆ ಸೇರಿದರು. ಅವರಿಗೆ ವಹಿಸಿದ ಮೊದಲ ಸರಣಿ ನೆಲಕಚ್ಚಿತು. ನಿರ್ದೇಶಕರ ಪೀಠದಿಂದ ಇಳಿಸಿ ಅವರನ್ನು ಕಥಾ ವಿಭಾಗಕ್ಕೆ ಕಳುಹಿಸಲಾಯಿತು. ಈ ಹಿಂಬಡ್ತಿಯೇ ವರವಾಯಿತು ಎನ್ನಬೇಕು. ನ್ಯೂಯಾರ್ಕ್‌ನಿಂದ ಬಂದಿದ್ದ ಜೋಸೆಫ್ ಬಾರ್ಬೆರಾ ಅವರ ಸ್ನೇಹ ಕುದುರಿದ್ದು ಆ ದಿನಗಳಲ್ಲೇ. ಬಾರ್ಬೆರಾ ಅವರದು ನಗರದ ಹುಡುಗನ ಚುರುಕು, ಹಾಸ್ಯಪ್ರಜ್ಞೆ, ವೇಗವಾಗಿ ಓಡುವ ಪೆನ್ಸಿಲ್. ಹನ್ನಾ ಅವರದು ಮಿತಭಾಷೆ, ಶಿಸ್ತು, ತಾಳದ ಕರಾರುವಾಕ್ಕು ಲೆಕ್ಕ. ನಗೆಹನಿಗಳನ್ನು ಹೆಣೆದು ಚಿತ್ರಿಸುವವರು ಒಬ್ಬರು. ಬೆಕ್ಕಿನ ಮೇಲೆ ಬಾಣಲೆ ಯಾವ ಕ್ಷಣಕ್ಕೆ ಬೀಳಬೇಕು ಎಂಬುದನ್ನು ನಿರ್ಧರಿಸುವವರು ಇನ್ನೊಬ್ಬರು.

1940ರಲ್ಲಿ ಈ ಇಬ್ಬರು ರೂಪಿಸಿದ ಬೆಕ್ಕು-ಇಲಿಯ ಕಿರುಚಿತ್ರದಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ತೆರೆಯ ಮೇಲೆ ಸೃಷ್ಟಿಕರ್ತರ ಹೆಸರೇ ಇರಲಿಲ್ಲ, ಮನ್ನಣೆ ಐಸಿಂಗ್ ಪಾಲಾಗಿತ್ತು. ಬೆಕ್ಕು-ಇಲಿ ಕಥೆ ಸವಕಲೆಂದು ಕಂಪನಿಯವರು ಮುಂದುವರಿಸಲು ಹಿಂದೇಟು ಹಾಕಿದರು. ಟೆಕ್ಸಾಸ್‌ನ ಚಿತ್ರಮಂದಿರ ವಲಯದಿಂದ ಇಂಥದ್ದೇ ಇನ್ನಷ್ಟು ಚಿತ್ರಗಳು ಬೇಕೆಂದು ಬಂದ ಪತ್ರ ಮತ್ತು ಆಸ್ಕರ್ ನಾಮನಿರ್ದೇಶನ ಅವರ ಮನಸ್ಸನ್ನು ಬದಲಿಸಿದವು. ಹೀಗೆ ಹುಟ್ಟಿದ್ದು ಟಾಮ್ ಮತ್ತು ಜೆರ್ರಿ. 17 ವರ್ಷಗಳಲ್ಲಿ 114 ಚಿತ್ರಗಳು, 7 ಆಸ್ಕರ್. ಪೆಟ್ಟು ತಿಂದ ಟಾಮ್ ಬಾಯಿಬಿಟ್ಟು ಅರಚುವ ಆ ಪ್ರಸಿದ್ಧ ಧ್ವನಿ ಸ್ವತಃ ಹನ್ನಾ ಅವರದೇ. ವಿಪರ್ಯಾಸವೆಂದರೆ, ಆ ಪ್ರಶಸ್ತಿಗಳು ಸಂದದ್ದು ನಿರ್ಮಾಪಕ ಫ್ರೆಡ್ ಕ್ವಿಂಬಿ ಹೆಸರಿಗೆ.

1957ರಲ್ಲಿ ಎಂಜಿಎಂ ಇಡೀ ಘಟಕವನ್ನೇ ಮುಚ್ಚಿತು. ಹಳೆಯ ಚಿತ್ರಗಳ ಮರುಬಿಡುಗಡೆಯೇ ಹೊಸ ಚಿತ್ರಗಳಷ್ಟು ಹಣ ತರುವಾಗ ಹೊಸದಕ್ಕೇಕೆ ಖರ್ಚು ಎಂಬುದು ಲೆಕ್ಕಿಗರ ವಾದ. ತಾವು ಗೆಲ್ಲಿಸಿದ ಚಿತ್ರಗಳೇ ತಮ್ಮ ನೌಕರಿಯನ್ನು ನುಂಗಿದ್ದವು. ಹನ್ನಾ ಅವರಿಗೆ ಆಗ 47ರ ಆಸುಪಾಸು, ಹೆಗಲ ಮೇಲೆ ಸಂಸಾರದ ಹೊಣೆ. ಇಬ್ಬರೂ ನಿರ್ದೇಶಕ ಜಾರ್ಜ್ ಸಿಡ್ನಿ ಅವರ ನೆರವಿನೊಂದಿಗೆ ಸ್ವಂತ ಸಂಸ್ಥೆ ಕಟ್ಟಿದರು. ಯಾರ ಹೆಸರು ಮೊದಲು ಬರಬೇಕೆಂಬುದು ನಾಣ್ಯ ಚಿಮ್ಮಿ ತೀರ್ಮಾನವಾಯಿತಂತೆ. ಮೊದಲ ಕಚೇರಿ ಚಾರ್ಲಿ ಚಾಪ್ಲಿನ್ ಕಟ್ಟಿಸಿದ್ದ ಹಳೆಯ ಸ್ಟುಡಿಯೊ ಆವರಣದಲ್ಲಿತ್ತು.

ಟಿ.ವಿ. ಕಂಪನಿಗಳು ಕೊಡಲು ಸಿದ್ಧವಿದ್ದ ಹಣ ತೀರ ಅಲ್ಪ. ಏಳು ನಿಮಿಷದ ಟಾಮ್ ಮತ್ತು ಜೆರ್ರಿಗೆ ಹತ್ತಾರು ಸಾವಿರ ಡಾಲರ್ ವ್ಯಯವಾಗುತ್ತಿದ್ದರೆ, ಇಲ್ಲಿ ಐದು ನಿಮಿಷದ ಕಂತಿಗೆ ಮೂರು ಸಾವಿರದ ಸುಮಾರು. ಹನ್ನಾ ಅವರ ಲೆಕ್ಕಾಚಾರದ ಬುದ್ಧಿ ನೆರವಿಗೆ ಬಂದದ್ದು ಈ ಇಕ್ಕಟ್ಟಿನಲ್ಲಿ. ಪಾತ್ರ ಮಾತನಾಡುವಾಗ ಇಡೀ ದೇಹವನ್ನು ಮತ್ತೆ ಬರೆಯುವುದೇಕೆ? ಬಾಯಿ, ಕಣ್ಣು, ಕೈ ಮಾತ್ರ ಬದಲಿಸಿದರೆ ಸಾಕು. ಓಡುವ ಪಾತ್ರದ ಹಿಂದೆ ಅದೇ ಮರ, ಅದೇ ಕಿಟಕಿ ಮತ್ತೆ ಮತ್ತೆ ಹಾದುಹೋದರೆ ಆಯಿತು. ಯೋಗಿ ಕರಡಿಯ ಕೊರಳಪಟ್ಟಿ ಮತ್ತು ಟೈ ಬರೀ ಅಲಂಕಾರವಾಗಿರಲಿಲ್ಲ. ಅಲುಗಾಡುವ ತಲೆ, ಅಲುಗದ ಮುಂಡಗಳ ನಡುವಿನ ಗೆರೆಯನ್ನು ಮರೆಮಾಡುವ ಉಪಾಯ ಅದಾಗಿತ್ತು. ಏಳು ನಿಮಿಷದ ಚಿತ್ರಕ್ಕೆ ಸುಮಾರು 14 ಸಾವಿರ ಹಾಳೆ ಬೇಡುತ್ತಿದ್ದ ಕೆಲಸ ಹೀಗೆ 2 ಸಾವಿರದ ಆಸುಪಾಸಿಗೆ ಇಳಿಯಿತು. ಚಲನೆ ಬಡವಾದಲ್ಲಿ ಸಂಭಾಷಣೆ, ಧ್ವನಿ ಮತ್ತು ಹಾಯ್ಟ್ ಕರ್ಟಿನ್ ಅವರ ಸಂಗೀತ ಕೊರತೆಯನ್ನು ತುಂಬಿದವು.

ಹಕಲ್‌ಬೆರಿ ಹೌಂಡ್ ಎಮ್ಮಿ ಪ್ರಶಸ್ತಿ ಗಳಿಸಿದ ಮೊದಲ ಅನಿಮೇಷನ್ ಧಾರಾವಾಹಿಯಾಯಿತು. 1960ರಲ್ಲಿ ರಾತ್ರಿಯ ಪ್ರಮುಖ ವೇಳೆಯಲ್ಲಿ ಆರಂಭವಾದ ಶಿಲಾಯುಗದ ಸಂಸಾರದ ಕಥೆ ಫ್ಲಿಂಟ್‌ಸ್ಟೋನ್ಸ್ 166 ಕಂತು ನಡೆಯಿತು. ಅದರ ಶೀರ್ಷಿಕೆ ಗೀತೆಯ ರಚನೆಯಲ್ಲಿ ಹನ್ನಾ ಅವರ ಕೈವಾಡವಿತ್ತು.

ಶನಿವಾರದ ಸಾಮ್ರಾಜ್ಯ ಬೆಳೆದದ್ದು ಇದರ ನಂತರ. ಸಿಬಿಎಸ್‌ನ ತರುಣ ಅಧಿಕಾರಿ ಫ್ರೆಡ್ ಸಿಲ್ವರ್‌ಮನ್ 1966ರಲ್ಲಿ ಶನಿವಾರದ ಬೆಳಗನ್ನು ಸಾಹಸವೀರರಿಂದ ತುಂಬಿದರು. ಸ್ಪೇಸ್ ಗೋಸ್ಟ್ ಸೇರಿದಂತೆ ಹಲವರು ಹನ್ನಾ-ಬಾರ್ಬೆರಾ ಮನೆಯಿಂದಲೇ ಬಂದರು. ತಿಂಡಿ ಮತ್ತು ಆಟಿಕೆ ಕಂಪನಿಗಳ ಜಾಹೀರಾತು ಹರಿದುಬಂತು. ಆದರೆ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಹತ್ಯೆಗಳಿಂದ ತತ್ತರಿಸಿದ ದೇಶ, ಮಕ್ಕಳು ತೆರೆಯ ಮೇಲೆ ಏನು ನೋಡುತ್ತಿದ್ದಾರೆಂದು ದಿಗಿಲಿನಿಂದ ಕಣ್ಣುಬಿಟ್ಟಿತು. ಅದೇ ವರ್ಷ ಪೆಗ್ಗಿ ಚಾರೆನ್ ಮ್ಯಾಸಚೂಸೆಟ್ಸ್‌ನಲ್ಲಿ ತಾಯಂದಿರನ್ನು ಸಂಘಟಿಸಿ ಹಿಂಸೆ ಮತ್ತು ಜಾಹೀರಾತುಗಳ ವಿರುದ್ಧ ಚಳವಳಿ ಹೂಡಿದರು. ಸಾಹಸವೀರರು ಒಬ್ಬೊಬ್ಬರಾಗಿ ನಿವೃತ್ತರಾದರು. ಅವರ ಜಾಗಕ್ಕೆ 1969ರ ಸೆಪ್ಟೆಂಬರ್ 13ರಂದು ಬಂದದ್ದು ಸ್ಕೂಬಿ-ಡೂ. ನಾಲ್ವರು ಹದಿಹರೆಯದವರು, ಒಂದು ಪುಕ್ಕಲು ನಾಯಿ, ಕೊನೆಗೆ ಮುಖವಾಡ ಕಳಚಿದಾಗ ಸಾಮಾನ್ಯ ವಂಚಕನಾಗಿ ಸಿಕ್ಕಿಬೀಳುವ ಭೂತ. ಯಾರಿಗೂ ಪೆಟ್ಟು ಬೀಳದ ಭಯ ಅದು.

ಈ ಯಶಸ್ಸಿಗೆ ಬೆಲೆಯೂ ಇತ್ತು. ಪ್ರತಿ ಶರತ್ಕಾಲಕ್ಕೆ ಹೊಸ ಸರಣಿಗಳ ರಾಶಿ ಸಿದ್ಧವಾಗಬೇಕಿತ್ತು. ಸ್ಕೂಬಿ ಗೆದ್ದರೆ ಅದರ ಪಡಿಯಚ್ಚಿನ ಹತ್ತು ಸರಣಿಗಳು ಹಿಂದೆಯೇ ಬಂದವು. ಟಾಮ್ ಮತ್ತು ಜೆರ್ರಿಯ ನಿರ್ದೇಶಕರೇ ಕಲೆಯನ್ನು ಕಾರ್ಖಾನೆಗೆ ಇಳಿಸಿದರೆಂದು ವಿಮರ್ಶಕರು ದೂರಿದರು. ದೂರು ಸುಳ್ಳಲ್ಲ. ಆದರೆ ಚಿತ್ರಮಂದಿರಗಳ ಕಿರುಚಿತ್ರಗಳು ಕಣ್ಮರೆಯಾಗುತ್ತಿದ್ದ ಕಾಲದಲ್ಲಿ ಹಿರಿಯ ಕಲಾವಿದರ ಒಲೆ ಉರಿದದ್ದು ಈ ಕಾರ್ಖಾನೆಯಿಂದಲೇ ಎಂಬುದನ್ನೂ ಮರೆಯುವಂತಿಲ್ಲ. ಆ ಋಣವೂ ಮುಂದೆ ಹಳಸಿತು. ಖರ್ಚು ತಗ್ಗಿಸಲು ಕೆಲಸ ಆಸ್ಟ್ರೇಲಿಯಾ, ತೈವಾನ್‌ಗಳಿಗೆ ಹರಿಯತೊಡಗಿದಾಗ ಹಾಲಿವುಡ್‌ನ ಕಲಾವಿದರ ಸಂಘ 1979ರಲ್ಲಿ ಮುಷ್ಕರ ಹೂಡಿ ಗೆದ್ದಿತು. 1982ರಲ್ಲಿ ಮತ್ತೆ ಹೂಡಿ ಸೋತಿತು. ಸೋತವರಲ್ಲಿ ಅನೇಕರು ಹನ್ನಾ ಅವರ ಸ್ಟುಡಿಯೊದಲ್ಲೇ ಪಳಗಿದವರು.

ಸಂಸ್ಥೆ 1966ರ ಹೊತ್ತಿಗೇ ಟ್ಯಾಫ್ಟ್ ಬ್ರಾಡ್‌ಕಾಸ್ಟಿಂಗ್‌ಗೆ ಮಾರಾಟವಾಗಿದ್ದರೂ ಇಬ್ಬರೂ ಮುಂದಾಳುಗಳಾಗಿ ಉಳಿದಿದ್ದರು. 1981ರಲ್ಲಿ ಎನ್‌ಬಿಸಿಗಾಗಿ ತಂದ ಸ್ಮರ್ಫ್ಸ್ ಆ ದಶಕದ ಶನಿವಾರಗಳನ್ನು ಆಳಿತು. 1991ರಲ್ಲಿ ಟೆಡ್ ಟರ್ನರ್ ಸಂಸ್ಥೆಯನ್ನು ಕೊಂಡರು. ಅದರ ಚಿತ್ರಭಂಡಾರವನ್ನು ನೆಚ್ಚಿಯೇ 1992ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಆರಂಭವಾಯಿತು. 1995ರಲ್ಲಿ ಅದು ಭಾರತಕ್ಕೂ ಬಂತು. ರಾತ್ರಿಯಾದೊಡನೆ ಹಳೆಯ ಹಾಲಿವುಡ್ ಚಿತ್ರಗಳಿಗೆ ಜಾಗ ಬಿಡುತ್ತಿದ್ದ ಆ ವಾಹಿನಿಯಲ್ಲೇ ಕೇಬಲ್ ಹೊಂದಿದ್ದ ಬೆಂಗಳೂರು, ಮೈಸೂರಿನ ಮಕ್ಕಳು ಯೋಗಿ, ಸ್ಕೂಬಿಯರನ್ನು ಕಂಡದ್ದು. ದಿನವಿಡೀ ವ್ಯಂಗ್ಯಚಿತ್ರ ಸಿಗತೊಡಗಿದ ಮೇಲೆ ಶನಿವಾರಕ್ಕಾಗಿ ಕಾಯುವ ಅಗತ್ಯವೇ ಉಳಿಯಲಿಲ್ಲ. ಎನ್‌ಬಿಸಿ 1992ರಲ್ಲೇ ಶನಿವಾರದ ವ್ಯಂಗ್ಯಚಿತ್ರಗಳನ್ನು ಕೈಬಿಟ್ಟಿತು. ವಾರಕ್ಕೆ ಮೂರು ಗಂಟೆ ಶೈಕ್ಷಣಿಕ ಕಾರ್ಯಕ್ರಮ ಇರಬೇಕೆಂಬ 1996ರ ಸರ್ಕಾರಿ ನಿಯಮ ಉಳಿದವರ ಉತ್ಸಾಹವನ್ನೂ ಕುಗ್ಗಿಸಿತು.

ಹನ್ನಾ 2001ರ ಮಾರ್ಚ್ 22ರಂದು, ತಮ್ಮ 90ನೇ ವಯಸ್ಸಿನಲ್ಲಿ, ಗಂಟಲಿನ ಕ್ಯಾನ್ಸರ್‌ನಿಂದ ಲಾಸ್ ಏಂಜಲೀಸ್‌ನ ನಾರ್ತ್ ಹಾಲಿವುಡ್‌ನಲ್ಲಿ ನಿಧನರಾದರು. 1936ರಲ್ಲಿ ಕೈಹಿಡಿದಿದ್ದ ಪತ್ನಿ ವಯೊಲೆಟ್, ಮಗ ಮತ್ತು ಮಗಳನ್ನು ಅವರು ಅಗಲಿದರು. ಅದೇ ವರ್ಷ ಸ್ಟುಡಿಯೊ ವಾರ್ನರ್ ಬ್ರದರ್ಸ್‌ನಲ್ಲಿ ವಿಲೀನಗೊಂಡಿತು. ಬಾರ್ಬೆರಾ 2005ರಲ್ಲಿ ಗೆಳೆಯನಿಲ್ಲದೆ ಟಾಮ್ ಮತ್ತು ಜೆರ್ರಿಯ ಇನ್ನೊಂದು ಕಿರುಚಿತ್ರಕ್ಕೆ ಕೈಜೋಡಿಸಿ, ಮರುವರ್ಷ ಕೊನೆಯುಸಿರೆಳೆದರು. ಅಮೆರಿಕದ ಪ್ರಸಾರ ಜಾಲಗಳಲ್ಲಿ ಉಳಿದಿದ್ದ ಕೊನೆಯ ಶನಿವಾರದ ವ್ಯಂಗ್ಯಚಿತ್ರ ಮಾಲಿಕೆ, ಸಿಡಬ್ಲ್ಯೂ ಜಾಲದ ವೋರ್ಟೆಕ್ಸ್, 2014ರ ಸೆಪ್ಟೆಂಬರ್ 27ರಂದು ಮುಗಿಯಿತು.